ಓರೆ ಪಟ್ಟಿಗಳ ಕೌದಿ

(ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಗದ್ದೆಗಳು ಚೌಕವಾಗಿರುವುದಿಲ್ಲ. ಇಳಿಜಾರು ಹೇಗಿದೆಯೋ ಹಾಗೆ ಬದು ಬಾಗುತ್ತದೆ. ನೇರ ಗೆರೆಗಾಗಿ ಹಟ ಹಿಡಿದರೆ ಮಣ್ಣು ಕೊಚ್ಚಿಹೋಗುವುದೆಂಬುದನ್ನು ಇಲ್ಲಿಯ ರೈತರೆಲ್ಲರೂ ಬಲ್ಲರು. ಹೊಲಿಗೆಯಲ್ಲಿಯೂ ಇಂಥದೇ ಒಂದು ವಿವೇಕವಿದೆ.

ಅಮೆರಿಕದಲ್ಲಿ 1860ರ ದಶಕದಿಂದ ಜನಪ್ರಿಯವಾದ ಕೌದಿಯ ವಿನ್ಯಾಸವೊಂದಕ್ಕೆ ‘ಲಾಗ್ ಕ್ಯಾಬಿನ್’, ಅಂದರೆ ಮರದ ದಿಮ್ಮಿಗಳ ಮನೆ ಎಂದು ಹೆಸರು. ನಡುವೆ ಒಂದು ಚೌಕ. ಸುತ್ತ ದಿಮ್ಮಿ ಜೋಡಿಸಿದಂತೆ ಬಟ್ಟೆಯ ಪಟ್ಟಿಗಳು. ನಡುವಿನ ಕೆಂಪು ಚೌಕವನ್ನು ಮನೆಯ ಒಲೆಯೆಂದು ಭಾವಿಸುವ ರೂಢಿಯುಂಟು. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ನದಿತಿರುವಿನ ಊರಿನಲ್ಲಿ, ಹತ್ತಿಯ ತೋಟಗಳಲ್ಲಿ ಗುಲಾಮರಾಗಿ ದುಡಿದವರ ಸಂತತಿಯ ಮಹಿಳೆಯರು ಇದೇ ಬಗೆಯ ಕೌದಿಯನ್ನು ‘ಹೌಸ್‌ಟಾಪ್’ ಎಂದು ಕರೆದರು. ದುಡಿಮೆಯಲ್ಲಿ ಸವೆದ ಉಡುಪುಗಳೇ ಅವರಿಗೆ ದೊರೆತ ಬಟ್ಟೆ. ದೊರೆತ ತುಂಡಿಗೆ ತಕ್ಕಂತೆ ಹೊಲಿದುದರಿಂದ ಗೆರೆಗಳು ಓರೆಯಾದವು. ಚಳಿ ತಡೆಯಲು ಹೊಲಿದ ಆ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಮೂಡಿದವು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರೂ ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿಯುತ್ತಾರೆ. ಅಲ್ಲಿ ಹೊಲಿಗೆ ನಡುವಿನಿಂದ ಅಂಚಿಗೆ ಸಾಗಿದರೆ, ಇಲ್ಲಿ ಅಂಚಿನಿಂದ ನಡುವಿಗೆ ಸಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ‘ಹೂವು’ ಇಟ್ಟಾಗಲೇ ಅದು ಪೂರ್ಣ.

ಓರೆ ಪಟ್ಟಿಯ ಕೌದಿ ಹೊಲಿಯುವುದು ಕಠಿಣವಲ್ಲ. ಮಗುವಿನ ಹಳೆಯ ಅಂಗಿಯಲ್ಲಿ ಮೀನು, ರೈಲು, ಆನೆಯ ಚಿತ್ರವಿದ್ದರೆ ಅದನ್ನು ಸುಮಾರು 3 ಅಂಗುಲದ, ಬದಿಗಳು ಸಮನಾಗಿಲ್ಲದ ತುಂಡಾಗಿ ಕತ್ತರಿಸಬೇಕು. ಚಿತ್ರದ ಮೈ ಒಳಗೆ ಬರುವಂತೆ ಒಂದು ಬದಿಗೆ ಪಟ್ಟಿಯಿಟ್ಟು, ಅಂಚಿನಿಂದ ಕಾಲು ಅಂಗುಲ ಬಿಟ್ಟು ಹೊಲಿದು, ಬಿಡಿಸಿ ಇಸ್ತ್ರಿ ಮಾಡಬೇಕು. ಬಳಿಕ ಪಟ್ಟಿಯ ಹೊರ ಅಂಚನ್ನು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗುವಂತೆ ಕತ್ತರಿಸಬೇಕು. ಹೀಗೆ ಸುತ್ತುತ್ತ ಹೋಗಿ, ಕೊನೆಗೆ ಎಲ್ಲ ತುಂಡುಗಳನ್ನೂ 12 ಅಂಗುಲದ ಚೌಕಕ್ಕೆ ತಂದರೆ ಒಳಗಿನ ಓರೆಗಳೆಲ್ಲ ಒಂದಕ್ಕೊಂದು ಹೊಂದುತ್ತವೆ. ಚೌಕಗಳನ್ನು ಕೂಡಿಸಿ, ನಡುವೆ ಹಳೆಯ ಸೀರೆ, ಕೆಳಗೆ ಹತ್ತಿಯ ಬಟ್ಟೆಯಿಟ್ಟು ಕೈಹೊಲಿಗೆ ಹಾಕಬೇಕು. ಪಾಲಿಯೆಸ್ಟರ್ ತುಂಡಿಗೆ ಬಿಸಿ ಇಸ್ತ್ರಿ ತಾಗಿದರೆ ಕರಗುತ್ತದೆ, ಎಚ್ಚರವಿರಲಿ.

ಹಿಂದೆ ಹರಿದ ಹತ್ತಿಬಟ್ಟೆ ಮಣ್ಣಿಗೆ ಸೇರಿ ಮಣ್ಣಾಗುತ್ತಿತ್ತು. ಇಂದಿನ ಪಾಲಿಯೆಸ್ಟರ್ ಹಳ್ಳಕ್ಕೆ ಬಿದ್ದರೆ ಎಳೆಯೆಳೆಯಾಗಿ ನೀರಿಗೆ ಸೇರುತ್ತದೆ, ಸುಟ್ಟರೆ ವಿಷದ ಹೊಗೆಯಾಗುತ್ತದೆ. ಆ ಹಳ್ಳದ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ. ಒಂದು ಕೌದಿ ಇಡೀ ಸಮಸ್ಯೆಯನ್ನು ನೀಗಿಸದು. ಆದರೆ ಒಂದು ಮೂಟೆ ಬಟ್ಟೆಯನ್ನು ಹತ್ತಾರು ವರ್ಷ ಹಳ್ಳದಿಂದ ದೂರವಿಡಬಲ್ಲದು. ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಮನೆಯ ಅಜ್ಜಿಯ ಬಳಿ ಕುಳಿತು ಒಂದು ಚೌಕವನ್ನಾದರೂ ಹೊಲಿಯಲಿ. ಗೆರೆ ಓರೆಯಾದರೆ ಬಿಚ್ಚುವುದು ಬೇಡ.