ಹಲವು ಬೆಕ್ಕುಗಳ ಮನೆಯಲ್ಲಿ ಅಂಟುಜಾಡ್ಯ



ನಾಯಿಯನ್ನು ನಾವು ತರುತ್ತೇವೆ, ಹಸುವನ್ನು ಕೊಳ್ಳುತ್ತೇವೆ. ಬೆಕ್ಕು ಮಾತ್ರ ತಾನಾಗಿ ಬರುತ್ತದೆ. ಮಳೆಗಾಲದ ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ನೆನೆದು ಕುಳಿತಿದ್ದ ಪ್ರಾಣಿಯೊಂದು, ವರ್ಷ ತಿರುಗುವುದರೊಳಗೆ ಅಟ್ಟದ ಮೇಲೆ ಮರಿಹಾಕಿ, ಮನೆಯ ಖಾಯಂ ನಿವಾಸಿಯೆನಿಸುತ್ತದೆ. ಹೀಗೆ ಒಂದು ಎರಡಾಗಿ, ಎರಡು ಆರಾಗಿ, ಯಾರೂ ಸಂಕಲ್ಪಿಸದೆಯೇ ‘ಬೆಕ್ಕಿನ ಮನೆ’ಯೆಂದು ಬೀದಿಯಲ್ಲಿ ಹೆಸರಾದ ಮನೆಗಳು ನಮ್ಮ ಪಟ್ಟಣಗಳಲ್ಲಿ ಎಷ್ಟೋ ಉಂಟು. ಅಂಥ ಮನೆಗಳವರನ್ನು ಕುರಿತು ಈ ಹೊತ್ತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಒಂಟಿ ಬೆಕ್ಕಿಗೆ ಬಂದ ರೋಗ ಅದೊಂದರ ಕಷ್ಟ. ಆರು ಬೆಕ್ಕುಗಳ ಮನೆಯಲ್ಲಿ ಒಂದಕ್ಕೆ ಬಂದ ರೋಗವಾದರೋ ಆರಕ್ಕೂ ಬರೆದ ಓಲೆ. ಅದು ಉಳಿದ ಐದನ್ನು ಮುಟ್ಟುವುದೂ ಬಿಡುವುದೂ ಮನೆಯವರ ಮೊದಲ ದಿನದ ನಡವಳಿಕೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಬೆಕ್ಕಿಗೆ ಬರುವ ಅಂಟುಜಾಡ್ಯಗಳು ಹಲವು. ಅವುಗಳಲ್ಲಿ ಒಂದನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ. ಅದರ ಹೆಸರು ಪ್ಯಾನ್‌ಲ್ಯೂಕೋಪೀನಿಯ. ಗ್ರೀಕಿನ ಮೂರು ಮಾತುಗಳನ್ನು ಬೆಸೆದು ಮಾಡಿದ ಈ ಪದವನ್ನು ಕನ್ನಡಿಸಬೇಕೆಂದರೆ ‘ಸರ್ವಶ್ವೇತದಾರಿದ್ರ್ಯ’ವೆನ್ನಬೇಕಾದೀತು, ಕೇಳುವವರು ಯಾವುದೋ ಸ್ತೋತ್ರದ ಸಾಲೆಂದು ಭ್ರಮಿಸಿಯಾರೆಂದು ಆ ಸಾಹಸವನ್ನು ಬಿಟ್ಟಿದ್ದೇನೆ. ಅರ್ಥವೇನೋ ಸರಳ: ರಕ್ತದಲ್ಲಿರುವ ಬಿಳಿಯ ಕಣಗಳು ಬರಿದಾಗುವ ರೋಗ. ದೇಹದಲ್ಲಿ ಎಲ್ಲೆಲ್ಲಿ ಜೀವಕಣಗಳು ಬೇಗಬೇಗನೆ ಒಡೆದು ಹೆಚ್ಚುತ್ತಿರುವುವೋ ಅಲ್ಲಲ್ಲಿಗೆ ಈ ರೋಗದ ವೈರಸ್ಸು ನುಗ್ಗುತ್ತದೆ. ಎಂದರೆ ಮೂಳೆಯೊಳಗಿನ ಮಜ್ಜೆಗೆ ಮತ್ತು ಕರುಳಿನ ಒಳಪೊರೆಗೆ. ಮಜ್ಜೆ ಕೆಟ್ಟಿತೆಂದರೆ ರೋಗವನ್ನು ಎದುರಿಸುವ ಸೈನ್ಯವಿಲ್ಲ. ಕರುಳು ಕೆಟ್ಟಿತೆಂದರೆ ಕೋಟೆಯ ಗೋಡೆಯೇ ಇಲ್ಲ. 1928ರಲ್ಲಿ ವೆರ್ಜ್ ಮತ್ತು ಕ್ರಿಸ್ತೋಫೊರೋನಿ ಎಂಬಿಬ್ಬರು ಇದು ವೈರಸ್ಸಿನ ಕೃತ್ಯವೆಂದು ತೋರಿಸಿಕೊಟ್ಟರು. 1939ರಲ್ಲಿ ಅಮೆರಿಕೆಯ ಹ್ಯಾಮನ್ ಮತ್ತು ಎಂಡರ್ಸ್ ಎಂಬ ವಿಜ್ಞಾನಿಗಳು ಇದನ್ನು ವಿವರವಾಗಿ ವರ್ಣಿಸಿದರು. ಈ ಎಂಡರ್ಸ್ ಮಹಾಶಯರೇ ಮುಂದೆ ಪೋಲಿಯೋ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ 1954ರ ನೊಬೆಲ್ ಪಾರಿತೋಷಕವನ್ನು ಸಂಗಡಿಗರೊಡನೆ ಪಡೆದವರು.

ಮನುಷ್ಯರಿಗೆ ಈ ರೋಗ ತಗಲುವುದಿಲ್ಲ. ಆದಕಾರಣ ಮಕ್ಕಳಿರುವ ಮನೆಯವರು ಆ ಭಯದಿಂದ ರೋಗಿಯನ್ನು ಹೊರಗೆ ಹಾಕಬೇಕಾದ್ದಿಲ್ಲ.

ಲಕ್ಷಣಗಳನ್ನು ಹೇಳುವ ಮೊದಲು ಒಂದು ಅನರ್ಥವನ್ನು ಹೇಳಬೇಕು. ನಿನ್ನೆ ಕುಣಿಯುತ್ತಿದ್ದ ಮರಿ ಇಂದು ಹಳದಿ ನೊರೆಯನ್ನು ಕಾರಿ ಸಂಜೆಗೆ ಸಾಯುತ್ತದೆ, ಮರುದಿನ ಮತ್ತೊಂದು. ಆಗ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು, ‘ಯಾರೋ ವಿಷ ಹಾಕಿದ್ದಾರೆ’ ಎಂದು. ಪಕ್ಕದ ಮನೆಯವರು ತಮ್ಮ ಹಾಲಿನ ಪಾತ್ರೆಯ ವಿಷಯವಾಗಿ ಹಿಂದೊಮ್ಮೆ ಗೊಣಗಿದ್ದರೆ ಸಾಕು, ಅಪರಾಧಿಯ ನಿರ್ಣಯವೂ ಆಗಿಹೋಗುತ್ತದೆ. ಎರಡು ಮನೆಗಳ ನಡುವಣ ಬಹುಕಾಲದ ಸ್ನೇಹ ಹೀಗೆ ಮುರಿಯುವುದುಂಟು. ವಿಷ ಹಾಕುವವರೇ ಲೋಕದಲ್ಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಚುಚ್ಚುಮದ್ದು ಬೀಳದ ಮರಿಗಳು ಒಂದರ ಹಿಂದೊಂದು ವಾಂತಿ ಭೇದಿಗಳಿಂದ ಬಿದ್ದರೆ, ನೆರೆಯವರ ಬಾಗಿಲು ತಟ್ಟುವ ಮೊದಲು ಪಶುವೈದ್ಯರ ಬಾಗಿಲು ತಟ್ಟುವುದು ನ್ಯಾಯ. ಜಗಳವಾಡುತ್ತ ಕಳೆದ ದಿನ ಮೂರನೆಯ ಮರಿಯ ಪಾಲಿನ ದಿನ.

ಲಕ್ಷಣಗಳು ಇವು: ಬೆಕ್ಕು ಊಟ ಬಿಡುತ್ತದೆ, ಮೂಲೆ ಸೇರುತ್ತದೆ, ಜ್ವರವೇರುತ್ತದೆ, ವಾಂತಿ ಮಾಡುತ್ತದೆ, ತರುವಾಯ ಭೇದಿ, ಕೆಲವೊಮ್ಮೆ ರಕ್ತಮಿಶ್ರವಾಗಿ. ನೀರಿನ ಬಟ್ಟಲ ಮುಂದೆ ಮುದುರಿಕೊಂಡು, ಗದ್ದವನ್ನು ಅದರ ಅಂಚಿಗೆ ಇಟ್ಟು, ಕುಡಿಯಲಾರದೆ ಕುಳಿತಿರುವುದು ಈ ರೋಗದಲ್ಲಿ ಕಾಣುವ ಕರುಣಾಜನಕವಾದ ಭಂಗಿ. ಏರಿದ ಜ್ವರ ಇಳಿದು ಮೈ ತಣ್ಣಗಾದರೆ ಗುಣವಾಯಿತೆಂದು ಹಿಗ್ಗಬಾರದು; ಅದು ಕೆಟ್ಟ ಚಿಹ್ನೆ.

ಇನ್ನು ಒಂದು ಮನೆಯನ್ನು ಊಹಿಸಿಕೊಳ್ಳಿ. ಹಜಾರ, ನಡುಮನೆ, ಅಡಿಗೆಮನೆ, ಹಿತ್ತಲ ಕಡೆ ಒಂದು ಬಚ್ಚಲು, ಮೇಲೊಂದು ಕೊಠಡಿ. ಬೀದಿ ಸುತ್ತುವ ಮುದಿ ಗಂಡುಬೆಕ್ಕೊಂದು, ಎರಡೂವರೆ ತಿಂಗಳ ಮೂರು ಮರಿಗಳು, ಅವುಗಳ ತಾಯಿ, ಮೇಲಿನ ಕೊಠಡಿಯಲ್ಲಿ ಗಬ್ಬವಾಗಿರುವ ಇನ್ನೊಂದು. ಒಟ್ಟು ಆರು ಜೀವ. ಈ ದಿನ ಬೆಳಿಗ್ಗೆ ಮರಿಗಳಲ್ಲೊಂದು ಕಾರಿಕೊಂಡಿದೆ. ಮಾಡತಕ್ಕದ್ದೇನು?

ಇಲ್ಲಿ ನಮ್ಮ ಹಿರಿಯರ ಮಡಿಯ ಅಭ್ಯಾಸ ನೆರವಿಗೆ ಬರುತ್ತದೆ. ಮಡಿಯಲ್ಲಿರುವವರು ಮೈಲಿಗೆಯ ಕೆಲಸ ಮುಗಿಸಿ ಮಡಿಗೆ ಕೈಹಾಕುವುದಿಲ್ಲ. ಮಡಿಯ ಕೆಲಸ ಮೊದಲು, ಮೈಲಿಗೆಯದು ಕಡೆಗೆ, ಆಮೇಲೆ ಸ್ನಾನ. ಈ ಕ್ರಮವೊಂದನ್ನು ತಪ್ಪದೆ ನಡೆಸಿದರೆ ಅರ್ಧ ಗೆದ್ದಂತೆ. ಮನೆಯ ಬೆಕ್ಕುಗಳನ್ನು ಮೂರು ಪಂಕ್ತಿಯಾಗಿ ಮಾಡಿ. ರೋಗಿಯದು ಒಂದು ಪಂಕ್ತಿ. ರೋಗಿಯೊಡನೆ ಮಲಗಿ, ಒಂದೇ ತಟ್ಟೆಯಲ್ಲಿ ಉಂಡವುಗಳದು ಎರಡನೆಯದು. ಅದರ ಹತ್ತಿರ ಸುಳಿಯದವುಗಳದು ಮೂರನೆಯದು. ನಮ್ಮ ಮನೆಯಲ್ಲಿ ಕಾಯಿಲೆಯ ಮರಿ ಹಿತ್ತಲ ಬಚ್ಚಲಿಗೆ ಹೋಗಬೇಕು. ಬಾಗಿಲು ಹಾಕುವಂತಿರಬೇಕು, ನೆಲ ತೊಳೆಯುವಂತಿರಬೇಕು, ಮನೆಮಂದಿ ಆ ದಿನಗಳಲ್ಲಿ ಅತ್ತ ಓಡಾಡಬಾರದು. ತಾಯಿಯೂ ಉಳಿದ ಎರಡು ಮರಿಗಳೂ ಎಲ್ಲಿದ್ದುವೋ ಅಲ್ಲಿಯೇ ಇರಲಿ, ಎರಡನೆಯ ಪಂಕ್ತಿಯಾಗಿ. ಅವುಗಳನ್ನು ಕನಿಕರದಿಂದ ಮೇಲಿನ ಕೊಠಡಿಗೆ ಸಾಗಿಸಿದರೆ ರೋಗವನ್ನೇ ಬುಟ್ಟಿಯಲ್ಲಿಟ್ಟು ಸಾಗಿಸಿದಂತೆ. ಗಬ್ಬದ ಬೆಕ್ಕು ಮೇಲೆಯೇ ಇರಲಿ. ಮುದಿ ಗಂಡುಬೆಕ್ಕನ್ನು ಎರಡು ವಾರ ಬೀದಿಗೆ ಬಿಡಬಾರದು; ಅದು ಮಾಡುವ ರಂಪವನ್ನು ಸಹಿಸಿಕೊಳ್ಳಬೇಕು.

ಬೆಳಿಗ್ಗೆ ಊಟವಿಡುವಾಗ ಮೊದಲು ಮೇಲಿನ ಕೊಠಡಿ, ಆಮೇಲೆ ನಡುಮನೆ, ಕಡೆಗೆ ಬಚ್ಚಲು. ಬಚ್ಚಲಿಗೆ ಬೇರೆ ಮೆಟ್ಟು, ಬೇರೆ ಪೊರಕೆ, ಬೇರೆ ತಟ್ಟೆ, ಬೇರೆ ಮರಳಿನ ಪಾತ್ರೆ, ಮೈಮೇಲೆ ಹೊದೆಯಲು ಬೇರೆ ಹಳೆಯ ಬಟ್ಟೆ. ಮನೆಯಲ್ಲಿ ಕೈಯಾಡಿಸುವವರು ಇಬ್ಬರಿದ್ದರೆ ಒಬ್ಬರು ರೋಗಿಯನ್ನು ಮಾತ್ರ ನೋಡಿಕೊಳ್ಳುವುದು ಉತ್ತಮ. ಬೆಕ್ಕುಗಳು ಒಂದನ್ನೊಂದು ಮುಟ್ಟದಿದ್ದರೂ ರೋಗ ಹೇಗೆ ಹರಡಿತೆಂದು ಬೆರಗುಪಡುವವರು ತಮ್ಮ ಸೀರೆಯ ಸೆರಗನ್ನೂ ಕಾಲ ಚಪ್ಪಲಿಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಬೀದಿಯ ಹೊಲಸನ್ನು ತುಳಿದು ಬಂದ ಮೆಟ್ಟಿನ ಮೂಲಕ, ಹೊಸಿಲು ದಾಟದ ಬೆಕ್ಕಿಗೂ ಈ ಜಾಡ್ಯ ಬರುತ್ತದೆ.

ಮಡಿಯ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಬರಿಯ ನೀರಿಗೆ ಈ ಮೈಲಿಗೆ ಹೋಗುವುದಿಲ್ಲ. ಕೆಲವು ವೈರಸ್ಸುಗಳಿಗೆ ಕೊಬ್ಬಿನದೊಂದು ಹೊದಿಕೆ ಇರುತ್ತದೆ. ಸಾಬೂನೋ ಮದ್ಯಸಾರವೋ ಆ ಹೊದಿಕೆಯನ್ನು ಕರಗಿಸಿದರೆ ವೈರಸ್ಸು ಸಾಯುತ್ತದೆ. ಇದಕ್ಕೆ ಆ ಹೊದಿಕೆಯೇ ಇಲ್ಲ. 2020ರ ಮಹಾಮಾರಿಯಲ್ಲಿ ಮನೆಮನೆಗೂ ಬಂದ, ಕೈಗೆ ಸವರಿಕೊಳ್ಳುವ ಮದ್ಯಸಾರದ ದ್ರವ ಇಲ್ಲಿ ನಂಬತಕ್ಕದ್ದಲ್ಲ. ಕೈಯನ್ನು ಸಾಬೂನು ಹಚ್ಚಿ ಬಹಳ ಹೊತ್ತು ಉಜ್ಜಿ ತೊಳೆದರೆ ವೈರಸ್ಸು ಸಾಯದಿದ್ದರೂ ಕೊಚ್ಚಿಹೋಗುತ್ತದೆ, ಅಷ್ಟು ಲಾಭ. ಫಿನೈಲಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ರೋಗವೆಂದೊಡನೆ ಬಕೆಟ್ಟಿನ ತುಂಬ ಕಪ್ಪು ಫಿನೈಲು ಕಲಸಿ ಮನೆಯೆಲ್ಲ ಒರಸುವುದು ನಮ್ಮಲ್ಲಿ ರೂಢಿ. ಅದರಲ್ಲಿರುವ ದ್ರವ್ಯವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹು ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದವನ್ನು ನೆಕ್ಕಿಕೊಂಡ ಬೆಕ್ಕಿಗೆ ಅದು ವಿಷ.

ಈ ವೈರಸ್ಸಿಗೆ ತಕ್ಕ ಮದ್ದು ಬಟ್ಟೆ ಬಿಳುಪುಮಾಡುವ ಬ್ಲೀಚಿನ ದ್ರಾವಣ, ಸೋಡಿಯಂ ಹೈಪೋಕ್ಲೋರೈಟ್ ಎಂಬುದು. ನೂರಕ್ಕೆ 5ರಷ್ಟು ಸತ್ತ್ವವುಳ್ಳ ದ್ರಾವಣ 1 ಪಾಲಿಗೆ ನೀರು 30 ಪಾಲು. ಮೊದಲು ಹೊಲಸನ್ನು ಬಳಿದು ಸಾಬೂನುನೀರಿನಿಂದ ತೊಳೆಯಬೇಕು, ಏಕೆಂದರೆ ಹೊಲಸು ಉಳಿದರೆ ಬ್ಲೀಚಿನ ಶಕ್ತಿಯೆಲ್ಲ ಅದಕ್ಕೇ ವೆಚ್ಚವಾಗುತ್ತದೆ. ತರುವಾಯ ದ್ರಾವಣ ಹಾಕಿ 10 ನಿಮಿಷವಾದರೂ ನೆಲ ಒದ್ದೆಯಾಗಿರುವಂತೆ ಬಿಟ್ಟು, ಕಡೆಗೆ ನೀರಿನಿಂದ ತೊಳೆದು ಒಣಗಿಸಬೇಕು. ದ್ರಾವಣವನ್ನು ದಿನದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಬಚ್ಚಲು ತೊಳೆಯುವ ಆಮ್ಲದೊಡನೆ ಇದನ್ನು ಬೆರಸಿದರೆ ಏಳುವ ಅನಿಲ ತೊಳೆಯುವವರ ಎದೆಗೇ ಅಪಾಯ. ಗಾರೆನೆಲ ಈ ಕಾರ್ಯಕ್ಕೆ ಬಹಳ ಅನುಕೂಲ. ಗೋಣಿತಟ್ಟು, ನಾರಿನ ಹಾಸಿಗೆ, ಬೆತ್ತದ ಬುಟ್ಟಿ ಇವುಗಳನ್ನು ಶುದ್ಧಮಾಡುವೆವೆಂಬ ಆಸೆ ಬಿಟ್ಟು ಸುಟ್ಟುಬಿಡುವುದೇ ಮೇಲು.

ಉಳಿದ ಬೆಕ್ಕುಗಳಿಗೆ ಚುಚ್ಚುಮದ್ದು ಬಿದ್ದಿಲ್ಲದಿದ್ದರೆ, ಅವು ಆರೋಗ್ಯವಾಗಿರುವಾಗಲೇ ಆ ದಿನವೇ ಹಾಕಿಸಬೇಕು. ಈ ಲಸಿಕೆ ಕೆಲವೇ ದಿನಗಳಲ್ಲಿ ರಕ್ಷಣೆ ಕೊಡುವಂಥದು. ರೋಗವಾದರೋ ತಗಲಿದ ಮೇಲೆ ಕಾಣಿಸಿಕೊಳ್ಳಲು 2ರಿಂದ 10 ದಿನ ಹಿಡಿಯುತ್ತದೆ. ಓಟದಲ್ಲಿ ಯಾವುದು ಮುಂದಾಗುವುದೆಂಬುದು ಗಂಟೆಗಳ ಲೆಕ್ಕ. ಆದರೆ ಗಬ್ಬದ ಬೆಕ್ಕಿಗೆ ಜೀವಂತ ವೈರಸ್ಸಿನ ಲಸಿಕೆ ಕೂಡದು, 4 ವಾರ ತುಂಬದ ಮರಿಗೂ ಕೂಡದು. ಅವುಗಳ ವಿಷಯದಲ್ಲಿ ವೈದ್ಯರ ಮಾತಿನಂತೆ ನಡೆಯಬೇಕು. ಮಾಮೂಲು ದಿನಗಳಲ್ಲಿ ಮರಿಗೆ 6ರಿಂದ 8 ವಾರವಾದಾಗ ಆರಂಭಿಸಿ, 3-4 ವಾರಗಳಿಗೊಮ್ಮೆ, 16 ವಾರ ದಾಟುವವರೆಗೆ ಹಾಕಿಸುವುದು ಕ್ರಮ. ಒಂದು ಸೂಜಿ ಸಾಲದೆ ಎಂದು ಕೇಳುವವರುಂಟು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವವರೆಗೆ ಲಸಿಕೆ ನಾಟುವುದಿಲ್ಲ. ಆ ರಕ್ಷಣೆ ಯಾವ ವಾರ ಮುಗಿಯುವುದೆಂದು ಹೇಳಬಲ್ಲವರಿಲ್ಲ. ಆದ್ದರಿಂದ ಮೇಲಿಂದ ಮೇಲೆ ಹಾಕುವುದು.

ರೋಗಿಯ ಶುಶ್ರೂಷೆಗೆ ಬರೋಣ. ವೈರಸ್ಸನ್ನು ನೇರವಾಗಿ ಕೊಲ್ಲುವ ಖಚಿತವಾದ ಔಷಧಿ ಇದಕ್ಕಿಲ್ಲ. ವೈದ್ಯರು ಮಾಡುವುದು ಕಾಲವನ್ನು ಗಳಿಸಿಕೊಡುವ ಕೆಲಸ: ಕಳೆದುಹೋದ ನೀರು ಲವಣಗಳನ್ನು ಸೂಜಿಯ ಮೂಲಕ ತುಂಬುವುದು, ವಾಂತಿಯನ್ನು ತಡೆಯುವುದು, ಹರಿದ ಕರುಳಿನ ಮೂಲಕ ನುಗ್ಗುವ ಬ್ಯಾಕ್ಟೀರಿಯಗಳಿಗೆ ಪ್ರತಿಜೀವಕ ಕೊಡುವುದು. ಆರೋಗ್ಯವಂತ ಬೆಕ್ಕಿನ ರಕ್ತದಲ್ಲಿ ಘನ ಮಿಲಿಮೀಟರಿಗೆ ಸುಮಾರು 5,500ಕ್ಕೂ ಮೇಲ್ಪಟ್ಟು ಇರುವ ಬಿಳಿಯ ಕಣಗಳು ಈ ರೋಗದಲ್ಲಿ 2,000ಕ್ಕೂ ಕೆಳಗಿಳಿಯುತ್ತವೆ. 1,000ಕ್ಕೂ ಕಡಿಮೆಯಾದರೆ ಆಶೆ ಕ್ಷೀಣ. ಐದು ದಿನ ತಡೆದ ಬೆಕ್ಕು ಬಹುಮಟ್ಟಿಗೆ ಬದುಕುತ್ತದೆ. ಆ ಐದು ದಿನದಲ್ಲಿ ಮೈ ಬೆಚ್ಚಗಿಟ್ಟು, ವಾಂತಿ ನಿಂತ ಮೇಲೆ ಚೂರು ಚೂರು ಆಹಾರ ಕೊಡಬೇಕು. ಹಸುವಿನ ಹಾಲು ಭೇದಿಯನ್ನು ಹೆಚ್ಚಿಸಬಹುದಾದ್ದರಿಂದ ಬೇಡ. ಕಾರುತ್ತಿರುವ ಮರಿಯ ಬಾಯಿಗೆ ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋದೀತು. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಮುರಿದು ಕೊಡುವುದಂತೂ ಕೊಲೆ. ಅದರ ಒಂದು ತುಂಡು ಬೆಕ್ಕಿನ ಪ್ರಾಣ ತೆಗೆಯಲು ಸಾಕು.

ವೆಚ್ಚದ ಮಾತನ್ನು ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಒಂದು ಮರಿಯ ಚಿಕಿತ್ಸೆಗೆ ಹಣ ಒದಗಿಸಬಲ್ಲವರು ಮೂರಕ್ಕೆ ಒದಗಿಸಲಾರದೆ ಹೋಗಬಹುದು. ಕೈಯಲ್ಲಿರುವುದು ಅಲ್ಪವಾದರೆ, ಮೊದಲು ಉಳಿದವುಗಳ ಚುಚ್ಚುಮದ್ದಿಗೆ ತೆಗೆದಿಟ್ಟು, ಮಿಕ್ಕದ್ದನ್ನು ರೋಗಿಗೆ ವಿನಿಯೋಗಿಸುವುದು ನನಗೆ ಸರಿಯೆಂದು ತೋರುತ್ತದೆ. ಕಠಿಣವಾದ ಮಾತೆಂದು ಬಲ್ಲೆ. ಬದುಕುವ ಆಶೆ ಪೂರ್ತಿ ಅಳಿದು ಪ್ರಾಣಿ ನರಳುತ್ತಿದ್ದರೆ ವೈದ್ಯರ ಕೈಯಿಂದ ನೋವಿಲ್ಲದ ಮರಣ ಕೊಡಿಸುವುದನ್ನು ಯಾರೂ ಪಾಪವೆಂದು ಜರೆಯಬಾರದು. ಆದರೆ ಕಾಯಿಲೆಯ ಮರಿಯನ್ನು ಚೀಲದಲ್ಲಿ ಹಾಕಿ ಮಾರುಕಟ್ಟೆಯ ಹಿಂದೆ ಬಿಟ್ಟುಬರುವುದು ಬೇರೆಯೇ ಸಂಗತಿ. ಆ ಮರಿ ಅಲ್ಲಿ ಒಂಟಿಯಾಗಿ ಸಾಯುತ್ತದೆ, ಸಾಯುವ ಮೊದಲು ಅಲ್ಲಿಯ ಹತ್ತಾರು ಮರಿಗಳಿಗೆ ರೋಗ ಹಂಚುತ್ತದೆ. ಬಿಟ್ಟುಬಂದವರ ಮನೆಯ ನೆಲದಲ್ಲಿಯೂ ಅದು ಹಾಗೆಯೇ ಉಳಿದಿರುತ್ತದೆ.

ಹೌದು, ಉಳಿದಿರುತ್ತದೆ. ಬಿರುಕುಗಳಲ್ಲಿ, ಧೂಳಿನಲ್ಲಿ, ಈ ವೈರಸ್ಸು ಒಂದು ವರ್ಷದವರೆಗೂ ಬದುಕಬಲ್ಲದು. ಮರಿ ಸತ್ತ ದುಃಖವನ್ನು ಮರೆಯಲು, ಮಕ್ಕಳ ಅಳುವನ್ನು ನಿಲ್ಲಿಸಲು, ಹದಿನೈದು ದಿನದೊಳಗೆ ಎಲ್ಲಿಂದಲೋ ಮತ್ತೊಂದು ಎಳೆಯ ಮರಿಯನ್ನು ತರುವುದುಂಟು. ಅದೂ ಹೋಗುತ್ತದೆ, ‘ಈ ಮನೆಗೆ ಬೆಕ್ಕು ಆಗಿಬರುವುದಿಲ್ಲ’ವೆಂಬ ಮಾತು ಹುಟ್ಟುತ್ತದೆ. ವರ್ಷ ಕಳೆಯುವವರೆಗೆ ಅಂಥ ಮನೆಗೆ ಬರುವ ಬೆಕ್ಕು ಚುಚ್ಚುಮದ್ದಿನ ಸರಣಿಯನ್ನು ಮುಗಿಸಿ ಎರಡು ವಾರ ಕಳೆದುದಾಗಿರಬೇಕು.

ಬದುಕಿದ ಮರಿಗೆ ಸಾಮಾನ್ಯವಾಗಿ ಜನ್ಮವಿಡೀ ಈ ರೋಗದ ಭಯವಿಲ್ಲ. ಆದರೂ ಗುಣವಾದ ಮೇಲೆ ಆರು ವಾರದವರೆಗೆ ಅದರ ಮಲದಲ್ಲಿ ವೈರಸ್ಸು ಹೊರಬರಬಹುದಾದ್ದರಿಂದ, ಬಾಗಿಲ ಹಿಂದೆ ಎಷ್ಟು ಕೂಗಿದರೂ ಅಷ್ಟು ದಿನ ಬಚ್ಚಲಲ್ಲಿಯೇ ಇರಬೇಕು. ಇನ್ನು ಮೇಲಿನ ಕೊಠಡಿಯ ಗಬ್ಬದ ಬೆಕ್ಕಿಗೆ ನಮ್ಮ ಎಚ್ಚರವನ್ನೂ ಮೀರಿ ರೋಗ ಸೋಕಿದ್ದರೆ ಮರಿಗಳು ಹೊಟ್ಟೆಯಲ್ಲೇ ಸಾಯಬಹುದು. ಅಥವಾ ಹುಟ್ಟಿದ ಮರಿ ನಡೆಯಲು ತೊಡಗಿದಾಗ ತಲೆಯಾಡಿಸುತ್ತ, ತೂರಾಡುತ್ತ, ಮುಗ್ಗರಿಸುತ್ತ ಬಂದೀತು. ಮೈಯ ಸಮತೋಲವನ್ನು ಕಾಯುವ ಕಿರುಮೆದುಳನ್ನು ವೈರಸ್ಸು ಬೆಳೆಯಗೊಡದಿರುವುದೇ ಇದಕ್ಕೆ ಕಾರಣ. ಆ ಮರಿಗೆ ನೋವಿಲ್ಲ, ಬುದ್ಧಿಗೆ ಕೊರತೆಯಿಲ್ಲ, ತೂರಾಟ ಹೆಚ್ಚುವುದೂ ಇಲ್ಲ. ಅಂಚು ತಗ್ಗಾದ ಮರಳಿನ ಪಾತ್ರೆಯನ್ನೂ ಜಾರದ ಗೋಣಿತಟ್ಟನ್ನೂ ಒದಗಿಸಿ, ಮಹಡಿಯ ಮೆಟ್ಟಿಲಿಗೆ ಒಂದು ಅಡ್ಡಹಲಗೆ ಇಟ್ಟರೆ, ಅದು ಉಳಿದ ಬೆಕ್ಕುಗಳಂತೆಯೇ ಪೂರ್ಣಾಯುಸ್ಸು ಬದುಕುತ್ತದೆ.