ಮಾನಸಗಂಗೋತ್ರಿಯ ಮಾತಿನ ಮನೆ



ಕುವೈತಿನಿಂದ ರಜೆಗೆ ಊರಿಗೆ ಹೋದಾಗ ನಾವೆಲ್ಲ ಮಕ್ಕಳಿಗೆ ಮೈಸೂರು ತೋರಿಸುತ್ತೇವೆ. ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ ನೋಡಿ ಬರುತ್ತೇವೆ. ಅದೇ ಊರಿನ ಮಾನಸಗಂಗೋತ್ರಿಯಲ್ಲಿರುವ ಇನ್ನೊಂದು ಹೆಗ್ಗುರುತಿನ ಬಗ್ಗೆ ಇಂದು ನಾಲ್ಕು ಮಾತು ಹೇಳಲು ಬಯಸುತ್ತೇವೆ. ಅದು ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ‘ಆಯಿಷ್’.

ಕಿವುಡ ಮಕ್ಕಳ ವಿದ್ಯೆ ಮೈಸೂರಿಗೆ ಹೊಸದಲ್ಲ. 1901ರಲ್ಲೇ ಎಂ. ಶ್ರೀನಿವಾಸರಾಯರು ಅಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಆದರೆ ಮಗುವಿಗೆ ಎಷ್ಟು ಕೇಳಿಸುತ್ತದೆಂದು ಅಳೆದು ಮಾತು ಕಲಿಸುವ ತಜ್ಞರು ಬೇಕಿದ್ದರು. ಅಂಥವರನ್ನು ತಯಾರು ಮಾಡಲು ಕೇಂದ್ರ ಸರ್ಕಾರ 1965ರಲ್ಲಿ ಈ ಸಂಸ್ಥೆಯನ್ನು ಆರಂಭಿಸಿತು. ಜಯಚಾಮರಾಜ ಒಡೆಯರು ಜಾಗ ದಾನ ಕೊಟ್ಟರು. 1966ರ ಜುಲೈ 25ರಂದು ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ಅವರು 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟ ಮೇಷ್ಟರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ರೈಲು ನಿಲ್ದಾಣಕ್ಕೆ ಎಳೆದೊಯ್ದ ಕಥೆಯನ್ನು ಮೈಸೂರಿನವರು ಇಂದಿಗೂ ಹೇಳುತ್ತಾರೆ.

ಇಂಥ ಸಂಸ್ಥೆಯಲ್ಲಿ ಬಹು ಮುಖ್ಯವಾದದ್ದು ಹೊರಗಿನ ಸದ್ದು ಒಳಬಾರದ ಪರೀಕ್ಷಾ ಕೋಣೆ. ದಪ್ಪ ಗೋಡೆ, ಭಾರವಾದ ಬಾಗಿಲು. ಅಲ್ಲಿ ಸಣ್ಣ ಸದ್ದಿನಿಂದ ದೊಡ್ಡ ಸದ್ದಿನವರೆಗೆ ಕೇಳಿಸಿ ಶ್ರವಣಶಕ್ತಿಯನ್ನು ಡೆಸಿಬಲ್‌ಗಳಲ್ಲಿ ಅಳೆಯುತ್ತಾರೆ. ಆಯಿಷ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಪೂರ್ವ ಪ್ರಾಥಮಿಕ ಶಾಲೆಯೂ ಇದೆ. ಅಲ್ಲಿ ತಾಯಿಯೂ ಮಗುವಿನ ಜೊತೆ ಕೂತು, ಮನೆಯಲ್ಲಿ ಹೇಗೆ ಕಲಿಸಬೇಕೆಂದು ತಿಳಿಯುತ್ತಾಳೆ. 2022ರ ಜೂನ್ 20ರಂದು ಪ್ರಧಾನಿಯವರು ಇಲ್ಲಿನ ಉತ್ಕೃಷ್ಟತಾ ಕೇಂದ್ರದ ಹೊಸ ಕಟ್ಟಡವನ್ನು ದೇಶಕ್ಕೆ ಅರ್ಪಿಸಿದರು. 2025ರ ಸೆಪ್ಟೆಂಬರ್ 1ರಂದು ನಡೆದ ವಜ್ರಮಹೋತ್ಸವಕ್ಕೆ ರಾಷ್ಟ್ರಪತಿ ದ್ರೌಪದಿ ಮುರ್ಮು ಬಂದಿದ್ದರು.

ಬಂಧುಗಳೇ, ಸಂಸ್ಥೆ ಅರವತ್ತು ವರ್ಷದಿಂದ ನಿಂತಿದೆ, ಮುಂದೆಯೂ ನಿಂತಿರುತ್ತದೆ. ಮಗುವಿನ ವಯಸ್ಸು ಮಾತ್ರ ಕಾಯುವುದಿಲ್ಲ. ಭಾಷೆ ಬೇರೂರುವುದು ಮೊದಲ ಕೆಲವು ವರ್ಷಗಳಲ್ಲಿ. ಅದಕ್ಕೇ ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಹಿಯರಿಂಗ್ ಏಡ್ ಅಥವಾ ಬೇರೆ ನೆರವು ಆರಂಭವಾಗಬೇಕೆನ್ನುತ್ತಾರೆ ತಜ್ಞರು. ಮಲಗಿದ ಮಗುವಿನ ಕಿವಿಗೆ ಪುಟ್ಟ ಸಾಧನವಿಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ, ನೋವಿಲ್ಲದ ಪರೀಕ್ಷೆ ಅದು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಹಿರಿಯರು ಸಮಾಧಾನ ಹೇಳುವಾಗ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಸಾಫ್ಟ್‌ವೇರ್ ಕೆಲಸದಲ್ಲಿ ತಡವಾದರೆ ಗಡುವು ಮುಂದೂಡಬಹುದು. ಇಲ್ಲಿ ಆ ಅವಕಾಶವಿಲ್ಲ.

ಆದ್ದರಿಂದ ಎರಡು ವಿನಂತಿ. ನಮ್ಮಲ್ಲಿ ಯಾರ ಮನೆಯಲ್ಲಿ ಹಸುಗೂಸು ಬಂದರೂ, ಇಲ್ಲೇ ಹುಟ್ಟಲಿ, ಊರಲ್ಲೇ ಹುಟ್ಟಲಿ, ಶ್ರವಣ ಪರೀಕ್ಷೆ ಆಯಿತೇ ಎಂದು ಕೇಳೋಣ. ಎರಡನೆಯದು, ಊರಿನ ಬಡ ಕುಟುಂಬಗಳ ಮಾತು. ಮಾತಿನ ತರಬೇತಿ ಒಂದು ದಿನದ್ದಲ್ಲ, ತಿಂಗಳುಗಟ್ಟಲೆಯದು. ಕೂಲಿ ಬಿಟ್ಟು ಮಗುವನ್ನೆತ್ತಿಕೊಂಡು ಬರುವ ತಾಯಿಗೆ ಬಸ್ ಚಾರ್ಜು, ಬಾಡಿಗೆ ಕೋಣೆ, ಹಿಯರಿಂಗ್ ಏಡಿನ ಬ್ಯಾಟರಿ ಎಲ್ಲವೂ ಹೊರೆಯೇ. ಈ ಸಂಜೆ ಕೂಡಿಬರುವ ನಿಧಿಯಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಡೋಣ.

ಅಂದು ಮಹಾರಾಜರು ಜಾಗ ಕೊಟ್ಟರು. ಆ ಬಾಗಿಲಿನವರೆಗೆ ಒಂದು ಮಗುವನ್ನಾದರೂ ಸಕಾಲಕ್ಕೆ ತಲುಪಿಸುವುದು ನಮ್ಮ ಕೈಲಾಗದ ಕೆಲಸವೇನಲ್ಲ.