ರಕ್ತದ ಚೀಲದಿಂದ ಪ್ರಯೋಗಾಲಯಕ್ಕೆ



ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ, ಜೀವಭೌತಶಾಸ್ತ್ರಗಳ ಓದು ಹೇಗಿರಬೇಕು ಎಂಬ ವಿಚಾರವನ್ನು ಅಕ್ಕಿಆಲೂರಿನಲ್ಲಿ ಎತ್ತಿಕೊಂಡದ್ದು ನನಗೆ ತುಂಬ ಸರಿಯೆನಿಸಿದೆ. ಇದು ರಕ್ತದಾನಕ್ಕೆ ಹೆಸರಾದ ಊರು. ಶಿಬಿರದಲ್ಲಿ ರಕ್ತ ಕೊಟ್ಟವರು ಈ ಸಭೆಯಲ್ಲೂ ಇರಬಹುದು. ಆ ರಕ್ತ ಚೀಲ ಸೇರಿದ ಮೇಲೆ ಏನಾಗುತ್ತದೆ ಎಂಬಲ್ಲಿಂದಲೇ ತೊಡಗುತ್ತೇನೆ.

350 ಮಿ.ಲೀ. ರಕ್ತ ಹಿಡಿಯುವ ಚೀಲದಲ್ಲಿ ಮೊದಲೇ 49 ಮಿ.ಲೀ. ದ್ರಾವಣವಿರುತ್ತದೆ. ಅದರಲ್ಲಿನ ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಡೆಕ್ಸ್‌ಟ್ರೋಸ್ ಕೆಂಪು ಕಣಗಳಿಗೆ ಆಹಾರ. ಅಡೆನೀನ್ ಅವುಗಳ ಎಟಿಪಿಯನ್ನು ಕಾಯುತ್ತದೆ. ಹೀಗೆ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ದಿನ ಇಡಬಹುದು. ಆದರೂ ಕಣಗಳು ಸುಮ್ಮನೆ ಮಲಗಿರುವುದಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ 2,3-ಡಿಪಿಜಿ ಎಂಬ ಅಣು ಬಹುಪಾಲು ಇಳಿದುಹೋಗಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ರೋಗಿಯ ಮೈ ಸೇರಿದ ಮೇಲೆಯೇ ಆ ಅಣು ಮತ್ತೆ ತುಂಬಿಕೊಳ್ಳುವುದು. ಇಷ್ಟು ರಸಾಯನದ ಮಾತು. ಆದರೆ ಸುಮಾರು 8 ಮೈಕ್ರೋಮೀಟರ್ ಅಗಲದ ಕಣ ತನಗಿಂತ ಕಿರಿದಾದ ಲೋಮನಾಳದಲ್ಲಿ ಮಡಚಿಕೊಂಡು ನುಸುಳಬೇಕಲ್ಲ? ಹಳತಾದಂತೆ ಅದರ ಪೊರೆ ಬಿರುಸಾಗುತ್ತದೆ. ಎಷ್ಟು ಬಿರುಸು, ಯಾವ ಒತ್ತಡಕ್ಕೆ ಒಡೆಯುತ್ತದೆ ಎಂದು ಅಳೆಯಬೇಕಾದರೆ ಭೌತಶಾಸ್ತ್ರ ಬೇಕು. ಒಂದೇ ಚೀಲ ಎರಡೂ ಶಾಸ್ತ್ರಗಳನ್ನು ಕೇಳುತ್ತದೆ.

ನಮ್ಮ ಸಂಸ್ಥೆಗಳಲ್ಲಿ ಇವು ದೂರ ದೂರವೇ ಬೆಳೆದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ಹುಟ್ಟಿದ್ದು 1921ರಲ್ಲಿ, ಜಿ.ಎನ್. ರಾಮಚಂದ್ರನ್ ಅಲ್ಲಿ ಅಣು ಜೀವಭೌತ ಘಟಕ ಕಟ್ಟಿದ್ದು ಅರ್ಧ ಶತಮಾನದ ಬಳಿಕ. ಆದರೆ ಅವರ ದೊಡ್ಡ ಕೆಲಸಗಳು ಅದಕ್ಕೂ ಮೊದಲು ಮದರಾಸು ವಿಶ್ವವಿದ್ಯಾಲಯದಲ್ಲೇ ಆಗಿದ್ದವು ಎಂಬುದನ್ನು ನಾವು ಮರೆಯಬಾರದು. 1954ರಲ್ಲಿ ಗೋಪಿನಾಥ ಕರ್ತಾ ಅವರೊಂದಿಗೆ ಚರ್ಮದಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ಮೂರೆಳೆಯ ಸುರುಳಿಯನ್ನು ಬಿಡಿಸಿಟ್ಟಾಗ, ಪರೀಕ್ಷೆಯ ಮಾದರಿಗಾಗಿ ಅವರು ತಿರುಗಿ ನೋಡಿದ್ದು ಪಕ್ಕದ ಚರ್ಮ ಸಂಶೋಧನಾ ಸಂಸ್ಥೆಯ ಕಡೆ. ಕೈಗೆಟಕುವ ನೆರೆಯಲ್ಲಿ ಏನಿದೆಯೋ ಅದರಿಂದಲೇ ಆರಂಭಿಸಿದರು.

ನಮ್ಮ ನೆರೆಯಲ್ಲೂ ಪ್ರಶ್ನೆಗಳಿವೆ. ಅವನ್ನು ಹಿಡಿದು ಕೂರಲು ಪ್ರಯೋಗಾಲಯ ಬೇಕು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ಹಾವೇರಿಗೇ ಒಂದು ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲೇ ಬಂತು. ಹಣದ ಅಡಚಣೆ ನಿಜವಿರಬಹುದು. ಆದರೂ ಮೆಕ್ಕೆಜೋಳ, ಭತ್ತ ಬೆಳೆಯುವ ಮನೆಯ ಹುಡುಗಿಗೆ ದಿನ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಎಂ.ಎಸ್ಸಿ. ಸಿಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಸಿಕ್ಕಿದರೆ ಸಾಲದು, ಅವಳು ಕೈಯಾರೆ ಅಳೆಯಬೇಕು. ಪ್ರಾಯೋಗಿಕ ಪುಸ್ತಕದಲ್ಲಿ ಹಿರಿಯರ ಅಂಕಿಗಳನ್ನು ನಕಲು ಮಾಡಿ ಪದವಿ ಪಡೆದವಳಿಗೆ ನಾವು ಅನ್ಯಾಯ ಮಾಡಿದ್ದೇವೆ.

ದುಬಾರಿ ಯಂತ್ರ ಬರಲಿ ಎಂದು ಕಾಯುವುದೂ ಬೇಡ. ಕೆಂಪು ಕಣ ಎಲ್ಲಿ ಒಡೆಯುತ್ತದೆ ಎಂದು ತಿಳಿಯಲು 0.9ರಿಂದ 0.3 ಪ್ರತಿಶತದವರೆಗೆ ಉಪ್ಪುನೀರಿನ ಪ್ರಣಾಳಗಳ ಸಾಲು, ಪ್ರತಿಯೊಂದಕ್ಕೂ ಒಂದೆರಡು ಹನಿ ರಕ್ತ, ಒಂದು ಸೆಂಟ್ರಿಫ್ಯೂಜ್, 540 ನ್ಯಾನೋಮೀಟರಿನಲ್ಲಿ ಬಣ್ಣ ಅಳೆಯುವ ಒಂದು ಸಾಧನ ಸಾಕು. ತಾಜಾ ರಕ್ತದ ಕಣಗಳು ಸುಮಾರು 0.45ರ ಆಸುಪಾಸಿನಲ್ಲಿ ಒಡೆಯತೊಡಗುತ್ತವೆ. ಅವಧಿ ಮುಗಿದ ಚೀಲದ ಕಣಗಳು ಎಲ್ಲಿ ಒಡೆಯುತ್ತವೆ? ರಕ್ತನಿಧಿಯ ಅನುಮತಿ, ಸೋಂಕಿನ ಎಚ್ಚರ, ತ್ಯಾಜ್ಯದ ನಿಯಮ ಎಲ್ಲವನ್ನೂ ಪಾಲಿಸಿ, ವಾರ ವಾರ ಅಳೆದು ವಿದ್ಯಾರ್ಥಿಗಳೇ ನಕ್ಷೆ ಎಳೆಯಲಿ. ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೂ ಅಂಕ ಕೊಡಿ.

ಇಂದಿನ ಗೋಷ್ಠಿಗಳಿಗೆ ನನ್ನ ಕೋರಿಕೆ ಇದೊಂದೇ: ಈ ಪ್ರಯೋಗವನ್ನು ಬರುವ ಸೆಮಿಸ್ಟರಿನಲ್ಲಿ ಯಾವ ಕಾಲೇಜು ಆರಂಭಿಸುತ್ತದೆ, ಉಪಕರಣವನ್ನು ಯಾರು ಯಾರೊಂದಿಗೆ ಹಂಚಿಕೊಳ್ಳುತ್ತಾರೆ, ಸಂಜೆಯೊಳಗೆ ಹೆಸರು ಹಿಡಿದು ನಿರ್ಧರಿಸಿ.